ಸುಳಿಗೆ ಇಟ್ಟ ಹೆಸರುಗಳು

ಹರಿವಿನ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡುವವರ ಬಾಯಲ್ಲಿ ಓಡಾಡುವ ಸುಳಿ ಸ್ನಿಗ್ಧತೆ, ರೆನಾಲ್ಡ್ಸ್ ಪೀಡನ, ಸ್ಟ್ಯಾಂಡರ್ಡ್ ಕೆ-ಎಪ್ಸಿಲಾನ್ ಮೊದಲಾದ ಮಾತುಗಳನ್ನು ಕೇಳಿದರೆ ಅವೆಲ್ಲ ನೀರಿನದೋ ಗಾಳಿಯದೋ ಗುಣಗಳು ಎಂದೇ ಅನಿಸುತ್ತದೆ. ನಿಜವಾಗಿ ಅವುಗಳಲ್ಲಿ ಹೆಚ್ಚಿನವು ಹೆಸರಿಟ್ಟವರು ಆ ಹೊತ್ತಿಗೆ ಹಿಡಿದ ಹೋಲಿಕೆಯ ಗುರುತುಗಳು. 1883ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿಗೆ ಬಣ್ಣದ ಎಳೆ ಬಿಟ್ಟು, ವೇಗ ಹೆಚ್ಚಿದಾಗ ಅದು ಕದಡಿಹೋಗುವುದನ್ನು ತೋರಿಸಿದರು. 1895ರಲ್ಲಿ ಅವರು ವೇಗವನ್ನು ಸರಾಸರಿ, ಏರಿಳಿತ ಎಂದು ಒಡೆದಾಗ ಸಮೀಕರಣಗಳಲ್ಲಿ ಆರು ಹೊಸ ಅಜ್ಞಾತಗಳು ಉಳಿದವು. ಏರಿಳಿತಗಳು ಹೊತ್ತೊಯ್ಯುವ ಸಂವೇಗವೇ ಆ ಅಜ್ಞಾತಗಳು. ಬರೆಯುವಾಗ ಸ್ನಿಗ್ಧತೆಯ ಪೀಡನದ ಪಕ್ಕ ಕೂತದ್ದರಿಂದ ಅದಕ್ಕೂ ಪೀಡನವೆಂಬ ಹೆಸರಾಯಿತು.

ಈ ಅಜ್ಞಾತಗಳಿಗೆ ಮದ್ದು ರೋಗಕ್ಕಿಂತ ಮೊದಲೇ ಸಿದ್ಧವಿತ್ತು. ಕದಡಿದ ಹರಿವನ್ನು ಹೆಚ್ಚು ಸ್ನಿಗ್ಧವಾದ ದ್ರವದಂತೆ ಕಾಣಬಹುದೆಂದು ಫ್ರಾನ್ಸಿನ ಬೂಸಿನೆಸ್ಕ್ 1877ರಲ್ಲೇ ಹೇಳಿದ್ದರು. ಆದರೆ ಜೇನಿನ ಸ್ನಿಗ್ಧತೆ ಜೇನಿನದು. ಈ ಹೆಚ್ಚಿನ ಸ್ನಿಗ್ಧತೆ, ಅಂದರೆ ಸುಳಿ ಸ್ನಿಗ್ಧತೆ, ಹರಿವಿನದು, ಗೋಡೆಯ ಬಳಿ ಒಂದು, ನಡುವೆ ಇನ್ನೊಂದು. 1925ರಲ್ಲಿ ಪ್ರಾಂಟ್ಲ್ ಅನಿಲದ ಅಣುಗಳ ಓಟವನ್ನು ನೆನೆದು 'ಮಿಶ್ರಣ ದೂರ' ಎಂಬ ಕಲ್ಪನೆಯನ್ನು ತಂದರು. ಅಣುಗಳು ಡಿಕ್ಕಿಯವರೆಗೆ ತಮ್ಮಷ್ಟಕ್ಕೆ ಓಡುತ್ತವೆ, ಸುಳಿಗಳು ಹಾಗೆ ಓಡುವುದಿಲ್ಲ. ಹೋಲಿಕೆ ಕುಂಟಿದರೂ ಹೆಸರು ನಿಂತಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ರೂಪುಗೊಂಡು 1972ರಲ್ಲಿ ಪ್ರಕಟವಾದ ಕೆ-ಎಪ್ಸಿಲಾನ್ ಎಂಬ ಲೆಕ್ಕದ ಮಾದರಿಗೆ 1974ರಲ್ಲಿ 0.09, 1.44, 1.92 ಎಂಬಂಥ ಸ್ಥಿರಾಂಕಗಳು ನೆಲೆಗೊಂಡವು. ಸರಳ ಹರಿವುಗಳ ಅಳತೆಗೆ ಹೊಂದಿಸಿದ ಆ ಅಂಕಿಗಳಿಗೆ 'ಸ್ಟ್ಯಾಂಡರ್ಡ್' ಎಂಬ ಪಟ್ಟ ಸಿಕ್ಕಿತು.

ಉತ್ತರ ಸರಿ ಬಂದರೆ ಹೆಸರು ಏನಾದರೇನು ಎನ್ನಬಹುದು. ಉತ್ತರ ಯಾವಾಗಲೂ ಸರಿ ಬರುವುದಾದರೆ ಆ ಮಾತು ಒಪ್ಪೋಣ. ರೆಕ್ಕೆಯಿಂದ ಗಾಳಿ ಬೇರ್ಪಡುವ ಕಡೆ ಸ್ಟ್ಯಾಂಡರ್ಡ್ ಮಾದರಿ ಎಡವುತ್ತದೆ, ಆದರೆ ಹೆಸರು ಅದನ್ನು ಹೇಳುವುದಿಲ್ಲ. ಹೆಸರೆಂದರೆ ಯಾವಾಗಲೂ ದಾರಿ ತಪ್ಪಿಸಲೇಬೇಕು ಎಂದೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ಧವನ್, ರೊದ್ದಂ ನರಸಿಂಹ 1958ರ ಪ್ರಬಂಧದಲ್ಲಿ ಬಳಸಿದ 'ಇಂಟರ್ಮಿಟೆನ್ಸಿ', ಒಂದು ಜಾಗದಲ್ಲಿ ಹರಿವು ಎಷ್ಟು ಪಾಲು ಹೊತ್ತು ಕದಡಿರುತ್ತದೆ ಎಂಬುದನ್ನೇ ಹೇಳುತ್ತದೆ, ಅದನ್ನು ಅಳೆಯಬಹುದು. ಮೆಂಟರ್ 1994ರಲ್ಲಿ ಕೊಟ್ಟ ಎಸ್‌ಎಸ್‌ಟಿ ಮಾದರಿಯ ಕಥೆ ಬೇರೆ. ಆ ಮೂರಕ್ಷರಗಳ ಬಿಡಿಸಿದ ರೂಪ 'ಶಿಯರ್ ಸ್ಟ್ರೆಸ್ ಟ್ರಾನ್ಸ್‌ಪೋರ್ಟ್'. ಆದರೆ ಮಾದರಿ ಬಿಡಿಸುವುದು ಕೆ, ಒಮೆಗಾ ಎಂಬ ರಾಶಿಗಳ ಎರಡು ಸಮೀಕರಣಗಳನ್ನು, ಜೊತೆಗೆ ಸುಳಿ ಸ್ನಿಗ್ಧತೆಗೆ ಒಂದು ಮಿತಿ ಹಾಕುತ್ತದೆ. ಪೀಡನದ ಸಾಗಣೆಗೆಂದು ಅದರಲ್ಲಿ ಒಂದು ಸಮೀಕರಣವೂ ಇಲ್ಲ.