ಅಟ್ಟವಿಲ್ಲದ ಮನೆಯ ಬೆಕ್ಕು

ಮನುಷ್ಯನು ಸಾಕಿದ ಪ್ರಾಣಿಗಳ ಪಟ್ಟಿಯಲ್ಲಿ ಬೆಕ್ಕಿನ ಹೆಸರನ್ನು ಬರೆಯುವಾಗ ಇತಿಹಾಸಕಾರನ ಲೇಖನಿ ಕೊಂಚ ತಡವರಿಸಬೇಕಾಗುತ್ತದೆ. ಆಕಳನ್ನು ಹಾಲಿಗಾಗಿ ಹಿಡಿದು ಕಟ್ಟಿದೆವು. ಎತ್ತಿನ ಹೆಗಲಿಗೆ ನೊಗ ಹೇರಿದೆವು. ನಾಯಿಯನ್ನು ಬೇಟೆಗೂ ಕಾವಲಿಗೂ ಜೊತೆಮಾಡಿಕೊಂಡೆವು. ಬೆಕ್ಕನ್ನು ಹಿಡಿದು ತಂದವರು ಯಾರು? ಯಾರೂ ಇರಲಾರರು. ಮನುಷ್ಯ ಧಾನ್ಯ ಬೆಳೆದು ಕೂಡಿಡತೊಡಗಿದ. ಧಾನ್ಯಕ್ಕೆ ಇಲಿ ಬಂತು. ಇಲಿಯ ಹಿಂದೆ ಬೆಕ್ಕು ತಾನಾಗಿಯೇ ಬಂತು. ಬಂದದ್ದು ಹೋಗಲಿಲ್ಲ, ಅಷ್ಟೆ.

ಇಂದಿನ ಸಾಕುಬೆಕ್ಕಿನ ಪೂರ್ವಜ ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು ಎಂದು ವಂಶವಾಹಿಗಳನ್ನು ಅಧ್ಯಯನ ಮಾಡಿದವರು ಹೇಳುತ್ತಾರೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯ ಒಂದು ಸಮಾಧಿ ದೊರೆತ ಸಂಗತಿ 2004ರಲ್ಲಿ ಪ್ರಕಟವಾಯಿತು. ಮನುಷ್ಯನ ಅಸ್ಥಿಪಂಜರದಿಂದ ಒಂದು ಮೊಳಕ್ಕೂ ಕಡಿಮೆ ದೂರದಲ್ಲಿ, ಪ್ರತ್ಯೇಕವಾಗಿ ತೋಡಿದ ಗುಳಿಯಲ್ಲಿ, ಎಂಟು ತಿಂಗಳ ಒಂದು ಬೆಕ್ಕನ್ನು ಹೂಳಿದ್ದರು. ಆ ದ್ವೀಪದಲ್ಲಿ ಸ್ವಾಭಾವಿಕವಾಗಿ ಬೆಕ್ಕುಗಳಿರಲಿಲ್ಲ. ಅಂದರೆ ಯಾರೋ ದೋಣಿಯಲ್ಲಿ ತಂದಿರಬೇಕು. ಈಜಿಪ್ಟಿನ ಕಥೆ ಎಲ್ಲರಿಗೂ ಗೊತ್ತು. ಅಲ್ಲಿ ಮನೆಯ ಬೆಕ್ಕು ಸತ್ತರೆ ಮನೆಮಂದಿಯೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರೆಂದು ಕ್ರಿ.ಪೂ. 5ನೆಯ ಶತಮಾನದ ಹೆರೊಡೋಟಸ್ ಬರೆದಿಟ್ಟಿದ್ದಾನೆ. ಅಷ್ಟು ಭಕ್ತಿಯಿಂದ ಬಟ್ಟೆ ಸುತ್ತಿ ಹೂಳಿದ ಬೆಕ್ಕುಗಳಲ್ಲಿ ಸುಮಾರು 19 ಟನ್ನಿನಷ್ಟನ್ನು 1890ರಲ್ಲಿ ಲಿವರ್‌ಪೂಲಿಗೆ ಸಾಗಿಸಿ ಹೊಲದ ಗೊಬ್ಬರಕ್ಕೆಂದು ಹರಾಜು ಹಾಕಿದರು. ದೇವರಾದವರ ಪಾಡೂ ಕಡೆಗೆ ಇಷ್ಟೆ!

ನಮ್ಮ ಕಡೆಯ ಸಾಕ್ಷ್ಯ ಇನ್ನೂ ಮನೋಹರವಾದದ್ದು. ಸಿಂಧೂ ನಾಗರಿಕತೆಯ ಚನ್ಹುದಾರೋ ಎಂಬಲ್ಲಿ ಒಂದು ಇಟ್ಟಿಗೆ ಸಿಕ್ಕಿದೆ. ಹಸಿಯಾಗಿದ್ದಾಗ ಅದರ ಮೇಲೆ ಬೆಕ್ಕೊಂದು ಓಡಿತ್ತು. ಅದರ ಹೆಜ್ಜೆಯ ಹಿಂದೆಯೇ ನಾಯಿಯ ಹೆಜ್ಜೆ. ಬೆಕ್ಕು ತಪ್ಪಿಸಿಕೊಂಡಿತೋ ಇಲ್ಲವೋ ಇಟ್ಟಿಗೆ ಹೇಳುವುದಿಲ್ಲ.

ನಮ್ಮ ಗ್ರಂಥಗಳು ಮಾತ್ರ ಬೆಕ್ಕಿನ ವಿಷಯದಲ್ಲಿ ಉದಾರವಾಗಿಲ್ಲ. ಮನುಸ್ಮೃತಿಯಲ್ಲಿ ಧರ್ಮದ ಸೋಗು ಹಾಕುವವನಿಗೆ ‘ಬೈಡಾಲವ್ರತಿಕ’ನೆಂದು ಹೆಸರು. ಮಹಾಭಾರತದ ಉದ್ಯೋಗಪರ್ವದಲ್ಲಿ ಇಲಿಗಳನ್ನು ನಂಬಿಸಿ ನುಂಗಿದ ಕಪಟತಪಸ್ವಿ ಬೆಕ್ಕಿನ ಕಥೆಯಿದೆ. ಏಳನೆಯ ಶತಮಾನದ ಮಾಮಲ್ಲಪುರದ ಹೆಬ್ಬಂಡೆಯ ಮೇಲೆ ಅಂಥದೇ ಒಂದು ಬೆಕ್ಕು ಮುಂಗಾಲುಗಳನ್ನು ಮೇಲೆತ್ತಿ ತಪಸ್ಸಿಗೆ ನಿಂತಿದೆ, ಸುತ್ತಲೂ ಇಲಿಗಳು. ಗ್ರಂಥಕಾರರು ಹೀಗೆ ಬೈಯುತ್ತಿರುವಾಗಲೂ ಅವರವರ ಮನೆಯ ಹೆಂಗಸರು ಅದೇ ಬೆಕ್ಕಿಗೆ ಹಾಲನ್ನ ಹಾಕುತ್ತಿದ್ದಿರಬೇಕು.

ಈ ಹಾಲನ್ನದ ವಿಷಯವೇ ನಾನಿಲ್ಲಿ ಸ್ವಲ್ಪ ನಿಂತು ನೋಡಬೇಕೆಂದಿರುವುದು. ಹಳೆಯ ಮೈಸೂರು ಸೀಮೆಯ ಮನೆಯನ್ನು ನೆನಪಿಗೆ ತಂದುಕೊಳ್ಳಿ. ಹಜಾರದ ಪಕ್ಕದಲ್ಲಿ ಕಣಜ, ನೆಲದೊಳಗೆ ರಾಗಿಯ ಹಗೇವು, ತಲೆಯ ಮೇಲೆ ಅಟ್ಟ, ಹಂಚಿನ ಸಂದಿಯಲ್ಲಿ ಬೆಳಕಿಂಡಿ, ಹಿಂದೆ ಹಿತ್ತಲು. ಕೊತ್ತಿಗೆ ಇದೊಂದು ಸಂಸ್ಥಾನವೇ ಸರಿ. ಮಡಿಯ ಮನೆಗಳಲ್ಲಿ ದಿನಕ್ಕೊಮ್ಮೆ ಒಂದು ಹಿಡಿ ಅನ್ನ, ಮೇಲೆ ನಾಲ್ಕು ಹನಿ ಹಾಲು. ‘ನಮ್ಮ ಮನೆಯ ಬೆಕ್ಕು ಅನ್ನ ತಿಂದೇ ಬೆಳೆದದ್ದು’ ಎಂದು ಹಿರಿಯರು ಅಭಿಮಾನದಿಂದ ಹೇಳುತ್ತಿದ್ದರು. ಅಟ್ಟದ ಮೇಲೆ ರಾತ್ರಿ ಏನು ನಡೆಯುತ್ತಿತ್ತೆಂಬುದನ್ನು ಯಾರೂ ಹತ್ತಿ ನೋಡುತ್ತಿರಲಿಲ್ಲ. ನೋಡದಿರುವುದರಲ್ಲಿ ಜಾಣತನವೂ ಇತ್ತು. ಇಲಿ, ಹಲ್ಲಿ, ಗುಬ್ಬಚ್ಚಿಗಳಿಂದ ಅದರ ಸಂಸಾರ ನಡೆಯುತ್ತಿತ್ತು. ನಮ್ಮ ಹಾಲನ್ನ ಅದಕ್ಕೆ ತಾಂಬೂಲವಿದ್ದಂತೆ.

ಬೆಕ್ಕಿನ ಈ ಕಸುಬಿಗೆ ಸರ್ಕಾರಿ ಮನ್ನಣೆಯೂ ದೊರೆಯುವಂತಿದ್ದ ಕಾಲವೊಂದಿತ್ತು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂಬುದನ್ನು ಅದೇ ವರ್ಷ ಕರಾಚಿಯಲ್ಲಿ ಸೀಮೋಂ ಎಂಬ ಫ್ರೆಂಚ್ ವೈದ್ಯ ಕಂಡುಕೊಂಡ. ಹತ್ತು ವರ್ಷದ ಮೇಲೆ, 1908ರಲ್ಲಿ, ಬಿರಾರ ಪ್ರಾಂತದ ಅಮರಾವತಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಬುಕನನ್, ಬೆಕ್ಕುಗಳು ಪ್ಲೇಗನ್ನು ತಡೆಯಬಲ್ಲವೆಂದು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಲೇಖನ ಬರೆದ. ಬೆಕ್ಕಿಗೂ ಪ್ಲೇಗು ತಗಲುವುದುಂಟೆಂದು ಈಗ ಗೊತ್ತಾಗಿರುವುದರಿಂದ ಆ ಸಲಹೆಯನ್ನು ಇಂದು ಯಾರೂ ಎತ್ತುವುದಿಲ್ಲ. ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಗಾಳಿಬೆಳಕಿಗೆ ಅನುಕೂಲವಾಗಿ ಬಸವನಗುಡಿ, ಮಲ್ಲೇಶ್ವರಗಳು ಎದ್ದವು. ಆ ಮನೆಗಳಲ್ಲೂ ಹಿತ್ತಲಿತ್ತು, ಮರವಿತ್ತು, ಬೆಕ್ಕಿತ್ತು. ಈಗ ಅವುಗಳಲ್ಲಿ ಎಷ್ಟೋ ಮನೆಗಳನ್ನು ಕೆಡವಿ, ಅದೇ ನಿವೇಶನದ ಮೇಲೆ ಫ್ಲ್ಯಾಟುಗಳನ್ನು ಕಟ್ಟಿದ್ದಾರೆ. ಅಂಥದೊಂದರ ಮೂರನೆಯ ಅಂತಸ್ತಿನಲ್ಲಿ ನಾನೂ ಇದ್ದೇನೆ.

ನನ್ನ ಮಗಳು ಬೆಕ್ಕು ಬೇಕೆಂದು ಆರು ತಿಂಗಳಿಂದ ಕೇಳುತ್ತಿದ್ದಾಳೆ. ಅವಳ ತಾಯಿಗೆ ವಾಸನೆಯ ಚಿಂತೆ. ನನ್ನ ತಾಯಿಗೆ ಈ ಚರ್ಚೆಯೇ ಅರ್ಥವಾಗಲಿಲ್ಲ. “ಬೆಕ್ಕು ಸಾಕೋದಕ್ಕೆ ತೀರ್ಮಾನ ಅಂತ ಬೇರೆ ಮಾಡ್ತಾರೇನೋ? ಅದು ಬಂದರೆ ಇರುತ್ತೆ, ಬೇಡ ಅಂದರೆ ಹೋಗುತ್ತೆ” ಎಂದರು. ಸಾವಿರಾರು ವರ್ಷಗಳ ಇತಿಹಾಸ ಅವರ ಪಕ್ಷದಲ್ಲಿದೆ. ಆದರೆ ಲಿಫ್ಟು ಹತ್ತಿ ಮೂರನೆಯ ಅಂತಸ್ತಿಗೆ ತಾನಾಗಿ ಬರುವ ಬೆಕ್ಕಿಲ್ಲ. ಬಂದಮೇಲೆ ಬೇಡವೆನಿಸಿದರೆ ಹೋಗಲು ಅದಕ್ಕೆ ದಾರಿಯೂ ಇಲ್ಲ. ಎರಡು ಕಡೆಯವರ ತೀರ್ಮಾನವನ್ನೂ ನಾವೇ ಮಾಡಬೇಕಾಗಿ ಬಂದಿರುವುದು ಈ ನಂಟಿನಲ್ಲಿ ಹೊಸ ಮಾತು.

ಇದು ಸಾಧ್ಯವಾದದ್ದಾದರೂ ಒಂದು ಮಣ್ಣಿನಿಂದ. ನಾವು ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದ 1947ರಲ್ಲಿ, ಅಮೆರಿಕದ ಮಿಷಿಗನ್ ಪ್ರಾಂತದ ಕಸೋಪೊಲಿಸ್ ಎಂಬ ಊರಿನಲ್ಲಿ ಎಡ್ವರ್ಡ್ ಲೋ ಎಂಬಾತನ ಬಳಿಗೆ ನೆರೆಯ ಹೆಂಗಸೊಬ್ಬಳು ಬೆಕ್ಕಿನ ಪೆಟ್ಟಿಗೆಗೆ ಮರಳು ಕೇಳಿಕೊಂಡು ಬಂದಳು. ಅವಳ ಮರಳು ಚಳಿಗೆ ಹೆಪ್ಪುಗಟ್ಟಿತ್ತು. ಲೋ ಕೊಟ್ಟದ್ದು ಹರಳು ಮಾಡಿದ ಜೇಡಿಮಣ್ಣು. ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಯದು. ಅದು ತೇವವನ್ನೂ ವಾಸನೆಯನ್ನೂ ಹೀರಿತು. ಆತ ಐದು ಪೌಂಡಿನ ಚೀಲಕ್ಕೆ 65 ಸೆಂಟು ಬೆಲೆ ಕಟ್ಟಿ ಮಾರತೊಡಗಿದ. ಹಿತ್ತಲಿಲ್ಲದ ಮನೆಯೊಳಗೆ ಬೆಕ್ಕು ಹಗಲಿರುಳೂ ಇರುವುದು ಅಲ್ಲಿಂದ ಸುಲಭವಾಯಿತು. ನನ್ನಾಕೆಯ ಚಿಂತೆಗೆ ಇದರಿಂದ ಮುಕ್ಕಾಲು ಪಾಲು ಉತ್ತರ ಸಿಕ್ಕಿತು. ತಟ್ಟೆಯನ್ನು ಪ್ರತಿದಿನ ಯಾರು ಚೊಕ್ಕಟಮಾಡುವರು ಎಂಬ ಕಾಲುಪಾಲು ಉಳಿದಿದೆ.

ಹಿತ್ತಲಿಗೆ ಬದಲು ಸಿಕ್ಕಿತು; ಅಟ್ಟಕ್ಕೆ? ನಮ್ಮಂಥ ಶಾಕಾಹಾರಿಗಳಿಗೆ ಇದೇ ನಿಜವಾದ ಪೇಚು. ಟಾರಿನ್ ಎಂಬ ಒಂದು ಪದಾರ್ಥವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಆಹಾರದಿಂದಲೇ ಬರಬೇಕು. ಅದಿಲ್ಲದಿದ್ದರೆ ಕಣ್ಣಿನ ಅಕ್ಷಿಪಟಲ ಕ್ಷಯಿಸುತ್ತದೆಂದು 1975ರಲ್ಲಿ, ಹೃದಯದ ಸ್ನಾಯು ಸೋಲುತ್ತದೆಂದು 1987ರಲ್ಲಿ ಸಂಶೋಧಕರು ತೋರಿಸಿದರು. ನಮ್ಮ ಅಜ್ಜಿಯರ ಬೆಕ್ಕುಗಳು ಹಾಲನ್ನ ತಿಂದೂ ಕಣ್ಣು ಉಳಿಸಿಕೊಂಡದ್ದು ಅಟ್ಟದ ಇಲಿಗಳ ಪುಣ್ಯದಿಂದ. ಇಲಿಯಿಲ್ಲದ ಫ್ಲ್ಯಾಟಿನಲ್ಲಿ ಬರಿಯ ಹಾಲನ್ನದ ಮೇಲೆ ಬೆಕ್ಕನ್ನು ಇಡುವುದೆಂದರೆ ಅದನ್ನು ಮೆಲ್ಲಮೆಲ್ಲನೆ ಕುರುಡು ಮಾಡಿದಂತೆ. ಅಡಿಗೆಮನೆಯ ಮಡಿ ದೊಡ್ಡದೋ ಬೆಕ್ಕಿನ ಕಣ್ಣು ದೊಡ್ಡದೋ ಎಂದು ನಾನು ತಾಯಿಯವರನ್ನು ನೇರವಾಗಿ ಕೇಳಿದೆ. ಅವರು ಒಂದು ದಿನವೆಲ್ಲ ಮಾತಾಡಲಿಲ್ಲ.

ಮೇಲುಕೋಟೆಯ ಕಡೆ ತೆಂಗಲೆ ಶ್ರೀವೈಷ್ಣವರು ಶರಣಾಗತಿಗೆ ಹೇಳುವ ಮಾರ್ಜಾಲಕಿಶೋರ ನ್ಯಾಯವೊಂದುಂಟು. ಕೋತಿಮರಿ ತಾಯಿಯನ್ನು ತಾನೇ ಅವುಚಿಕೊಳ್ಳಬೇಕು. ಬೆಕ್ಕಿನ ಮರಿಯಾದರೋ ಸುಮ್ಮನಿರುತ್ತದೆ, ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತಾಳೆ. ಫ್ಲ್ಯಾಟಿನ ಬೆಕ್ಕು ಎಷ್ಟು ಬೆಳೆದರೂ ಈ ಮರಿಯೇ. ಕಚ್ಚಿ ಒಯ್ಯುವ ಭಾರ ಮನೆಯವರದು.

ಆ ಭಾರದಲ್ಲಿ ಕಿಟಕಿಯೂ ಸೇರಿದೆ. 1984ರಲ್ಲಿ ನ್ಯೂಯಾರ್ಕಿನ ಒಂದೇ ಪಶು ಆಸ್ಪತ್ರೆಗೆ ಐದು ತಿಂಗಳಲ್ಲಿ ಎತ್ತರದ ಮನೆಗಳಿಂದ ಬಿದ್ದ 132 ಬೆಕ್ಕುಗಳು ಬಂದವು. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ ತೊಂಬತ್ತು ಬದುಕಿದವು ಎಂದು ಜನ ಬೆರಗಾಗಿ ಹೇಳುತ್ತಾರೆ. ಬಿದ್ದಲ್ಲೇ ಸತ್ತವು ಆಸ್ಪತ್ರೆಯ ಲೆಕ್ಕಕ್ಕೆ ಬರಲಾರವು ಎಂಬುದನ್ನು ಯೋಚಿಸುವವರು ಕಡಿಮೆ. ಹಿಂದೆ ಬೆಕ್ಕು ಬೇಡವಾದರೆ ಗೋಣಿಚೀಲದಲ್ಲಿ ಹಾಕಿ ಹೊಳೆಯಾಚೆ ಬಿಟ್ಟುಬರುತ್ತಿದ್ದರು. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಅಲ್ಲದೆ, ಇಲಿ ಹಿಡಿದೇ ಅರಿಯದ ಬೆಕ್ಕಿಗೆ ಹೊಳೆಯಾಚೆ ಏನಿದೆ?

ಮರುದಿನ ತಾಯಿಯವರು ತಾವಾಗಿಯೇ ಹೇಳಿದರು: “ಆ ಮೀನಿನ ಡಬ್ಬಿ ಬಟ್ಟೆ ಒಗೆಯೋ ಕಡೆ ಇರಲಿ, ಒಲೆ ಹತ್ತಿರ ತರಬೇಡಿ. ತಟ್ಟೇನೂ ಅಲ್ಲೇ ತೊಳೀರಿ.” ಬೇಸಿಗೆಯಲ್ಲಿ ನಾವು ಊರಿಗೆ ಹೋದಾಗ ಬೀಗದಕೈ ಇಟ್ಟುಕೊಂಡು ದಿನಕ್ಕೆರಡು ಸಲ ಬಂದು ನೋಡಲು ಎದುರು ಮನೆಯವರು ಒಪ್ಪಿದ್ದಾರೆ. ಬಾಲ್ಕನಿಗೆ ಬಲೆ ಕಟ್ಟುವವನು ಅಳತೆ ತೆಗೆದುಕೊಂಡು ಹೋಗಿದ್ದಾನೆ. ಅವನು ಬಂದು ಕಟ್ಟುವವರೆಗೆ ಮರಿ ತರಕೂಡದೆಂದು ಮಗಳಿಗೆ ಹೇಳಿದ್ದೇನೆ.