ಕೀಳುವ ಕೆಲಸದಿಂದ ಉಳಿಸುವ ವಿದ್ಯೆಗೆ

ಹಲ್ಲುನೋವು ತಡೆಯಲಾರದೆ ಹೋದವರಿಗೆ ಬಹುಕಾಲ ಇದ್ದದ್ದು ಒಂದೇ ಪರಿಹಾರ: ಕೀಳಿಸಿಬಿಡುವುದು. ಇಂದಿನ ದಂತವೈದ್ಯರು ಅದನ್ನು ಕೊನೆಯ ಉಪಾಯವೆಂದು ಎಣಿಸುತ್ತಾರೆ. ಈ ಬದಲಾವಣೆಯೇ ದಂತವೈದ್ಯದ ಚರಿತ್ರೆ.

ಬಲೂಚಿಸ್ತಾನದ ಮೆಹರ್‌ಗಢದಲ್ಲಿ 7,500 ವರ್ಷಗಳಿಗೂ ಹಿಂದೆ ಕಲ್ಲಿನ ಮೊನೆಯಿಂದ ಕೊರೆದ ಹಲ್ಲುಗಳು ಸಿಕ್ಕಿವೆ. ಸುಶ್ರುತ ಸಂಹಿತೆ ಹಲ್ಲು ಮತ್ತು ವಸಡಿನ ರೋಗಗಳನ್ನು ಬೇರೆಬೇರೆಯಾಗಿ ವಿವರಿಸುತ್ತದೆ. ಆದರೆ ದಂತವೈದ್ಯ ಪ್ರತ್ಯೇಕ ಶಾಸ್ತ್ರವಾಗಿ ರೂಪುಗೊಳ್ಳಲು ದಾರಿ ಮಾಡಿದ್ದು 1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್ ಪ್ರಕಟಿಸಿದ ಗ್ರಂಥ. 1840ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಮೊದಲ ದಂತವೈದ್ಯ ಕಾಲೇಜು ತೆರೆಯಿತು. 1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್ ಅರಿವಳಿಕೆಯನ್ನು ಎಲ್ಲರೆದುರು ತೋರಿಸಿಕೊಟ್ಟ ಮಾರ್ಟನ್ ಕೂಡ ದಂತವೈದ್ಯನೇ. ನೋವಿನ ಭಯ ತಗ್ಗಿತು. 1895ರ ನಂತರ ಎಕ್ಸ್‌ರೇ ಹಲ್ಲಿನ ಬೇರನ್ನು ಕಣ್ಣಿಗೆ ಕಾಣಿಸಿತು. 1957ರಲ್ಲಿ ಬಂದ ಏರ್ ರೋಟರ್ ಕೊರೆಯುವ ಕೆಲಸವನ್ನು ನಿಮಿಷಗಳಿಗೆ ಇಳಿಸಿತು.

ಭಾರತದಲ್ಲಿ ಡಾ. ರಫಿಯುದ್ದೀನ್ ಅಹಮದ್ 1920ರಲ್ಲಿ ಕಲ್ಕತ್ತೆಯಲ್ಲಿ ಮೊದಲ ದಂತವೈದ್ಯ ಕಾಲೇಜು ಕಟ್ಟಿದರು. 1948ರ ದಂತವೈದ್ಯರ ಕಾಯ್ದೆ ವೃತ್ತಿಗೆ ಕಟ್ಟುಪಾಡು ತಂದಿತು; ಅದರ ಜಾಗಕ್ಕೆಂದು 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ಅಂಗೀಕಾರವಾಯಿತು. ನಮ್ಮಲ್ಲಿ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ, ದಾವಣಗೆರೆಯ ಬಾಪೂಜಿ ಕಾಲೇಜು 1979ರಲ್ಲಿ ಆರಂಭವಾದವು.

ಈ ವೃತ್ತಿಗೆ ಬರಬೇಕಾದರೆ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿ ನೀಟ್ ಬರೆಯಬೇಕು. ಬಿಡಿಎಸ್ ನಾಲ್ಕು ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಎಂಡಿಎಸ್ ಮತ್ತೆ ಮೂರು ವರ್ಷ. ಬೇರುನಾಳ ಚಿಕಿತ್ಸೆ, ವಕ್ರದಂತ, ವಸಡು, ಮಕ್ಕಳ ಹಲ್ಲು, ಬಾಯಿ–ದವಡೆಯ ಶಸ್ತ್ರಚಿಕಿತ್ಸೆ ಹೀಗೆ ಕವಲುಗಳಿವೆ. ಸ್ವಂತ ಕ್ಲಿನಿಕ್ಕಿಗೆ ಚೇರ್, ಕಂಪ್ರೆಸರ್, ಆಟೋಕ್ಲೇವ್, ಎಕ್ಸ್‌ರೇ ಎಂದು ಬಂಡವಾಳ ಬೇಕು. ಹಾಗಾಗಿ ಹೊಸಬರು ಮೊದಲು ಹಿರಿಯರ ಕ್ಲಿನಿಕ್ಕುಗಳಲ್ಲಿ ಕೈ ಪಳಗಿಸಿಕೊಳ್ಳುವುದುಂಟು. ಹಲ್ಲಿನ ಸೆಟ್ಟು, ಕ್ಯಾಪು ಮಾಡುವ ಡೆಂಟಲ್ ಮೆಕ್ಯಾನಿಕ್, ಹಲ್ಲು ಶುಚಿ ಮಾಡುವ ಹೈಜೀನಿಸ್ಟ್ ಕೆಲಸಗಳಿಗೆ ಡಿಪ್ಲೊಮಾ ಇದೆ.

ದಿನನಿತ್ಯ ದಂತವೈದ್ಯರ ಮುಂದೆ ಬರುವುದು ಹುಳುಕು ಹಲ್ಲು. ಪುಟ್ಟ ಕನ್ನಡಿ, ಚೂಪು ಪ್ರೋಬ್ ಹಿಡಿದು ನೋಡಿ, ಎಕ್ಸ್‌ರೇಯಲ್ಲಿ ಆಳ ಅಳೆಯುತ್ತಾರೆ. ಹುಳುಕು ಮೇಲ್ಪದರಗಳಲ್ಲೇ ಇದ್ದರೆ ಅದನ್ನು ಕೊರೆದು ತೆಗೆದು, ಹಲ್ಲಿನದೇ ಬಣ್ಣದ ಕಾಂಪೊಸಿಟ್ ತುಂಬಿ, ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡುತ್ತಾರೆ. ನರದವರೆಗೆ ಇಳಿದು ರಾತ್ರಿ ನಿದ್ದೆಗೆಡಿಸುತ್ತಿದ್ದರೆ ರೂಟ್ ಕೆನಾಲ್ ಬೇಕು. ಕೆಳದವಡೆಯ ಮೊದಲ ದೊಡ್ಡ ದವಡೆಹಲ್ಲಿನಲ್ಲಿ ಸಾಮಾನ್ಯವಾಗಿ ಮೂರು ನಾಳ. ಲಿಗ್ನೋಕೇನ್ ಚುಚ್ಚಿ ಮರಗಟ್ಟಿಸಿ, ಕೂದಲೆಳೆಯಂಥ ಫೈಲುಗಳಿಂದ ಒಂದೊಂದು ನಾಳವನ್ನೂ ಉಜ್ಜಿ, ತೊಳೆದು, ಗಟ್ಟಾ ಪರ್ಚಾ ತುಂಬಿ, ಮೇಲೆ ಕ್ಯಾಪ್ ಹಾಕುತ್ತಾರೆ. ಒಂದು ನಾಳ ಕಣ್ತಪ್ಪಿದರೂ ಸೋಂಕು ಮರುಕಳಿಸಬಹುದು.

ಇಷ್ಟು ನಾಜೂಕಿನ ಕೆಲಸ ಕಲಿತವರು ಪೇಟೆಗಳಲ್ಲೇ ಕಿಕ್ಕಿರಿದಿದ್ದಾರೆ. ಹುಳುಕು ತಡೆಯಬೇಕಾದ ಜಾಗ ಬೇರೆಯೇ. ಆರನೆಯ ವಯಸ್ಸಿಗೆ, ಯಾವ ಹಾಲುಹಲ್ಲೂ ಬೀಳದೆಯೇ, ಹಿಂದುಗಡೆ ಹುಟ್ಟುವ ದವಡೆಹಲ್ಲನ್ನು ಹಾಲುಹಲ್ಲೆಂದೇ ತಿಳಿದು ಎಷ್ಟೋ ತಂದೆತಾಯಂದಿರು ಅಲಕ್ಷಿಸುತ್ತಾರೆ. ಅದರ ಗೆರೆಗಳಿಗೆ ಸೀಲೆಂಟ್ ಬಳಿದರೆ ಮಗುವಿಗೆ ಮುಂದಿನ ರೂಟ್ ಕೆನಾಲ್ ತಪ್ಪಬಹುದು. ಕೊಳವೆಬಾವಿಯ ಫ್ಲೋರೈಡ್‌ನಿಂದ ಹಲ್ಲು ಕಂದುಗಟ್ಟುವ ಪಾವಗಡ, ಮುಂಡರಗಿಯ ಕಡೆ ಬೇಕಾದದ್ದು ಶುದ್ಧ ನೀರು. ಗುಟ್ಕಾ, ಅಡಿಕೆ ಅಗಿದು ಬಾಯಿ ಬಿಗಿದುಕೊಂಡವರಲ್ಲಿ ಕ್ಯಾನ್ಸರಿನ ಮುನ್ಸೂಚನೆಯನ್ನು ಮೊದಲು ಗುರುತಿಸಬಲ್ಲವರೂ ದಂತವೈದ್ಯರೇ.

ಆದ್ದರಿಂದ ಈ ವೃತ್ತಿ ಆರಿಸಿಕೊಳ್ಳುವವರು ಕ್ಲಿನಿಕ್ಕಿನ ಜೊತೆಗೆ ಹಳ್ಳಿಶಾಲೆಯನ್ನೂ ತಮ್ಮ ಕಾರ್ಯಕ್ಷೇತ್ರವೆಂದುಕೊಳ್ಳಲಿ. ಸರ್ಕಾರ ತಾಲ್ಲೂಕು ಆಸ್ಪತ್ರೆಗಳಿಂದಾಚೆಗೂ ಅವರಿಗೆ ಹುದ್ದೆ ಕೊಡಲಿ. ಹಲ್ಲು ಉಳಿಸುವ ವಿದ್ಯೆ ಸಿದ್ಧವಾಗಿದೆ. ಅದು ಹುಳುಕಿಗಿಂತ ಮೊದಲು ಮಗುವನ್ನು ತಲುಪಬೇಕು.