ನಗಾರಿಖಾನೆಯೊಳಗೆ ಒಂದು ಊರಿನ ಚರಿತ್ರೆ

ಶಾಲಾ ಪ್ರವಾಸದಲ್ಲಿ ವಿಜಯಪುರಕ್ಕೆ ಬಂದ ಮಕ್ಕಳಿಗೆ ಗೋಳಗುಮ್ಮಟ ಹತ್ತುವುದೇ ಅವಸರ. ಮಿನಾರಿನ ಮೆಟ್ಟಿಲು ಏರಿ, ಪಿಸುಗುಟ್ಟುವ ಗ್ಯಾಲರಿಯಲ್ಲಿ ತಮ್ಮ ಹೆಸರು ತಾವೇ ಕೂಗಿ, ಪ್ರತಿಧ್ವನಿ ಎಷ್ಟು ಸಲ ಬಂತೆಂದು ಎಣಿಸಿ, ಇಳಿದು ಬಸ್ಸು ಹತ್ತುತ್ತಾರೆ. ಗುಮ್ಮಟದ ಎದುರಿಗೇ ನಿಂತಿರುವ ಕಟ್ಟಡದೊಳಗೆ ಹೋಗುವವರು ಕಡಿಮೆ. ಆ ಊರಿನ ಚರಿತ್ರೆಯನ್ನು ಹತ್ತಿರದಿಂದ ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು.

ಅದರ ಹೆಸರು ನಕ್ಕಾರಖಾನೆ. ಅರಬ್ಬಿ ಮೂಲದ ‘ನಕ್ಕಾರ’ವೇ ನಮ್ಮ ಜಾತ್ರೆ, ಉತ್ಸವಗಳ ನಗಾರಿ. ಅಲ್ಲಿನ ‘ಖಾನೆ’ಯೇ ನಾವು ದಿನವೂ ಆಡುವ ಕಾರ್ಖಾನೆ, ದವಾಖಾನೆಗಳಲ್ಲಿಯೂ ಇದೆ. ಹಿಂದೆ ನಗಾರಿ ಬಾರಿಸುತ್ತಿದ್ದ ಈ ಕಟ್ಟಡದಲ್ಲಿ ಇಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯವಿದೆ. 1892ರಲ್ಲಿ ಜಿಲ್ಲಾ ವಸ್ತುಸಂಗ್ರಹಾಲಯವಾಗಿ ಆರಂಭವಾದ ಸಂಗ್ರಹ ಇದು.

ಕತ್ತಿ ಗುರಾಣಿಗಳು, ಚೀನಾ ಪಿಂಗಾಣಿ, ರತ್ನಗಂಬಳಿಗಳು, ಕಿರುಚಿತ್ರಗಳು, ಕೈಬರಹದ ಗ್ರಂಥಗಳು ಇಲ್ಲಿವೆ. ಆದಿಲ್‌ಶಾಹಿಗಳಿಗಿಂತ ಹಿಂದಿನ ಜೈನ ಮತ್ತು ಹಿಂದೂ ಶಿಲ್ಪಗಳೂ ಇವೆ. ಮಕ್ಕಳು ಮೊದಲು ಕತ್ತಿಗಳ ಕಡೆಗೇ ಓಡುತ್ತಾರೆ, ಓಡಲಿ. ಆದರೆ ನನ್ನ ದೃಷ್ಟಿಯಲ್ಲಿ ಈ ಸಂಗ್ರಹದ ನಿಜವಾದ ಸಂಪತ್ತು ಶಿಲಾಶಾಸನಗಳು. ಕನ್ನಡ, ಸಂಸ್ಕೃತ, ಅರಬ್ಬಿ, ಪಾರ್ಸಿ ಎಲ್ಲವೂ ಒಂದೇ ಸೂರಿನಡಿ ಇವೆ. ಒಂದೇ ಭಾಷೆ ಬಲ್ಲವನಿಗೆ ಈ ಊರಿನ ಚರಿತ್ರೆ ಅರ್ಧ ಮಾತ್ರ ತೆರೆದುಕೊಳ್ಳುತ್ತದೆ. ಉರ್ದು, ಕನ್ನಡ ಎರಡನ್ನೂ ಕಲಿಯುವ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಎರಡು ಲಿಪಿ ಕಲಿಯುವುದು ಹೊರೆಯೆಂದು ಗೊಣಗುವ ಪಾಲಕರಿಗೂ ಈ ಕಲ್ಲುಗಳನ್ನು ಒಮ್ಮೆ ತೋರಿಸಬೇಕು!

ಇಂಥ ಸಾಕ್ಷ್ಯ ಸಂಗ್ರಹಾಲಯದ ಹೊರಗೂ ಇದೆ. ಊರಿನೊಳಗಿನ ಅರಕಿಲ್ಲೆಯಲ್ಲಿ ಕರೀಮುದ್ದೀನನ ಮಸೀದಿ ಇದೆ. 1320ರ ಈ ಮಸೀದಿಯ ಕಂಬಗಳು ದೇವಾಲಯದ ಕಂಬಗಳ ಮಾದರಿಯವು. ಅದನ್ನು ಕಟ್ಟಿದವನು ಸಾಲೋಟಗಿಯ ಬಡಗಿ ರೇವಯ್ಯನೆಂದು ಅಲ್ಲಿನ ಶಾಸನ ಹೇಳುತ್ತದೆ. ಕಟ್ಟಿಸಿದವರ ಹೆಸರು ಎಲ್ಲ ಕಡೆ ಸಿಗುತ್ತದೆ, ಕಟ್ಟಿದವನ ಹೆಸರು ಸಿಗುವುದು ಅಪರೂಪ.

ಎರಡನೆಯ ಇಬ್ರಾಹಿಂ ಆದಿಲ್‌ಶಾಹ (1580–1627) ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನೌರಸ್’ ಎಂಬ ಗೀತೆಗಳ ಗ್ರಂಥ ರಚಿಸಿದ. ಅದು ಸರಸ್ವತಿಯ ಸ್ತುತಿಯಿಂದ ಆರಂಭವಾಗುತ್ತದೆ. ತನ್ನ ತಂಬೂರಿಗೆ ‘ಮೋತಿ ಖಾನ್’ ಎಂದೂ ಆನೆಗೆ ‘ಆತಿಷ್ ಖಾನ್’ ಎಂದೂ ಹೆಸರಿಟ್ಟು, ಅವನ್ನೂ ತನ್ನ ಹಾಡುಗಳೊಳಗೆ ತಂದ ಅರಸನೀತ. ತಂಬೂರಿಗೂ ಖಾನ್ ಎಂಬ ಬಿರುದು ಎಂದರೆ ಮಕ್ಕಳು ನಗುತ್ತಾರೆ. ಹಾಗೆ ನಕ್ಕ ಮಗು ಆ ಅರಸನನ್ನು ಮರೆಯುವುದಿಲ್ಲ.

ಇಷ್ಟು ಓದು ಬರಹವಿದ್ದ ಊರಿನಲ್ಲಿ ಗ್ರಂಥಗಳು ಇನ್ನೂ ಹೆಚ್ಚು ಉಳಿದಿರಬೇಕಿತ್ತಲ್ಲವೇ ಎಂದು ಯಾರಾದರೂ ಕೇಳಬಹುದು. ಆದಿಲ್‌ಶಾಹಿ ರಾಜ್ಯ 1686ರಲ್ಲಿ ಔರಂಗಜೇಬನ ವಶವಾಯಿತು. ಅದಾದ ಮೇಲೂ ಆಸಾರ್ ಮಹಲಿನಲ್ಲಿ ನೂರಾರು ಹಸ್ತಪ್ರತಿಗಳು ಉಳಿದಿದ್ದವು. ಕಂಪನಿ ಸರಕಾರದ ಕಾಲದಲ್ಲಿ, 1853ರಲ್ಲಿ, ಅವು ಲಂಡನ್ನಿಗೆ ಹೋದವು. ಇಂದು ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಂದರೆ ಊರಿಗೆ ವಸ್ತುಸಂಗ್ರಹಾಲಯ ಬರುವ 39 ವರ್ಷ ಮೊದಲೇ ಊರಿನ ಪುಸ್ತಕಗಳು ಹಡಗು ಹತ್ತಿದ್ದವು. ಅಲ್ಲಿ ಅವು ಜೋಪಾನವಾಗಿವೆ, ಒಪ್ಪೋಣ. ಆದರೆ ವಿಜಯಪುರದ ಹುಡುಗನೊಬ್ಬ ತನ್ನೂರಿನ ಮದರಸಾದಲ್ಲಿ ಹಿಂದೆ ಏನು ಓದುತ್ತಿದ್ದರೆಂದು ತಿಳಿಯಲು ಸಮುದ್ರ ದಾಟಬೇಕಾಗಿದೆ. ನಕ್ಕಾರಖಾನೆಯಲ್ಲಿ ಗಾಜಿನ ಹಿಂದಿರುವ ಹಸ್ತಪ್ರತಿಗಳ ಮುಂದೆ ನಿಂತಾಗ ಈ ಸಂಗತಿಯನ್ನು ಮಕ್ಕಳಿಗೆ ಹೇಳಲೇಬೇಕು.

ಮನೆಮಂದಿಯೆಲ್ಲ ಕೂಡಿ ಹೋಗಲು ಅನುಕೂಲವಾದ ಜಾಗವಿದು. ಗುಮ್ಮಟದ ಸುತ್ತ ಹುಲ್ಲುಹಾಸು, ಮರದ ನೆರಳು ಇವೆ. ಹೋಗುವವರು ಮೊದಲು ಸಂಗ್ರಹಾಲಯ ನೋಡಿ, ಆಮೇಲೆ ಗುಮ್ಮಟ ಹತ್ತುವುದು ಒಳ್ಳೆಯದು. ಮೆಟ್ಟಿಲು ಇಳಿದು ಬಂದ ಕಾಲುಗಳಿಗೆ ಶಾಸನ ಓದುವ ತಾಳ್ಮೆ ಇರುವುದಿಲ್ಲ. ಶುಕ್ರವಾರ ಸಂಗ್ರಹಾಲಯಕ್ಕೆ ರಜೆ.